ಕೈ ನಿಂತ ಜಾಗ

ರೋಗಿಯ ಹೊಟ್ಟೆ ಮುಟ್ಟಿ ನೋಡುವುದು ಹೇಗೆ ಎಂದು ಕಲಿಸುತ್ತ ಕಲಿಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಕಲಿತವರಿಗೆ ಅಂಕ ಕೊಡುವ ಅಧಿಕಾರ ಮಾತ್ರ ಒಂದೇ ಒಂದು ಸುತ್ತೋಲೆಯಲ್ಲಿ ಹೋಯಿತು. ಎಂಬಿಬಿಎಸ್ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಇನ್ನು ಮುಂದೆ ಅಂಕಗಳನ್ನು ಕರಮಾಪಕವೇ ಕೊಡತಕ್ಕದ್ದು, ಪರೀಕ್ಷಕರು ನಿಯಂತ್ರಣ ಕೊಠಡಿಯಲ್ಲಿ ಹಾಜರಿದ್ದು ಕೊನೆಗೆ ಸಹಿ ಮಾಡತಕ್ಕದ್ದು ಎಂದು ಅದರಲ್ಲಿತ್ತು. ನಾನು, ಡಾಕ್ಟರ್ ನೀಲಗಂಗಾ ಹಂಚಿನಾಳ, ಮೆಡಿಸಿನ್ ವಿಭಾಗದ ಮುಖ್ಯಸ್ಥೆ. ಸಾಲದ್ದಕ್ಕೆ ಹೊಸ ಅಧ್ಯಾಪಕರಿಗೆ ಪಾಠ ಮಾಡುವುದು ಹೇಗೆ, ಪರೀಕ್ಷೆ ಮಾಡುವುದು ಹೇಗೆ ಎಂದು ಕಾರ್ಯಾಗಾರ ನಡೆಸುವವಳು. ಈಗ ಸಹಿಗೆ ಮಾತ್ರ ಬೇಕಾದವಳು.

ಕರಮಾಪಕ ಅಂದರೆ ದೊಡ್ಡ ಯಂತ್ರವೇನಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಜೊತೆ ಕೈಗವಸು. ಅದರ ಎಳೆಎಳೆಯಲ್ಲೂ ಒತ್ತಡ ಅಳೆಯುವ ತಂತು. ವಿದ್ಯಾರ್ಥಿ ಅದನ್ನು ತೊಟ್ಟು ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ, ಯಾವ ಬೆರಳು ಎಲ್ಲಿದೆ, ಎಷ್ಟು ಆಳಕ್ಕೆ ಇಳಿದಿದೆ, ಯಾವ ಜಾಗದ ನಂತರ ಯಾವ ಜಾಗಕ್ಕೆ ಹೋಯಿತು ಎಂಬುದೆಲ್ಲ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತದೆ. ಮಾದರಿ ಕೈಯ ಗೆರೆಗೆ ಅದು ಎಷ್ಟು ಹೊಂದಿತೋ ಅಷ್ಟು ಅಂಕ. ಮಂಚದ ಮೇಲೊಂದು ಕ್ಯಾಮೆರಾ, ಪಕ್ಕದಲ್ಲೊಂದು ಮೈಕು. ಮೈಕಿನ ಕೆಲಸ ಮಾತು ಅಳೆಯುವುದು. ಹೆಸರು ಹೇಳಿ ನಮಸ್ಕರಿಸಿದರೆ ಒಂದು ಅಂಕ, "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂದರೆ ಎರಡು. ಹುಡುಗರು ಇದಕ್ಕೆ 'ಅತ್ತಿ' ಎಂದು ಹೆಸರಿಟ್ಟಿದ್ದರು. ಸೊಸೆ ಕೈ ಎಲ್ಲಿಟ್ಟರೂ ನೋಡುತ್ತಿರುತ್ತಾಳೆ, ಆಗ ಒಂದು ಮಾತೂ ಆಡುವುದಿಲ್ಲ, ಕೊನೆಗೆ ಎಲ್ಲಕ್ಕೂ ಸೇರಿಸಿ ಲೆಕ್ಕ ತೀರಿಸುತ್ತಾಳೆ.

ಮಾದರಿ ಕೈ ತಯಾರಾದ ಕಥೆಯನ್ನೂ ಹೇಳಿಬಿಡುತ್ತೇನೆ. ರಾಜ್ಯದ ಹಿರಿಯ ವೈದ್ಯರನ್ನು ಬೆಂಗಳೂರಿಗೆ ಕರೆಸಿ, ಕೈಗವಸು ತೊಡಿಸಿ, ಒಂದು ರಬ್ಬರ್ ಬೊಂಬೆಯ ಹೊಟ್ಟೆ ಒತ್ತಿಸಿದರು. ಮನುಷ್ಯರ ಹೊಟ್ಟೆ ಒಂದೊಂದು ಒಂದೊಂದು ಥರ, ಅಳತೆ ಏಕರೂಪವಾಗಿರಬೇಕಾದರೆ ಎಲ್ಲರಿಗೂ ಒಂದೇ ಬೊಂಬೆ ಬೇಕು ಎಂಬುದು ಅವರ ವಾದ. ಬೊಂಬೆಗೆ ನೋವಾಗುವುದಿಲ್ಲ, ಹೀಗಾಗಿ ಯಾರ ಕೈಯೂ ನಡುವೆ ನಿಲ್ಲಲಿಲ್ಲ. "ರೋಗಿ ಮುಖ ಕಿವುಚಿದರೆ ನಮ್ಮ ಕೈ ತಾನಾಗಿ ನಿಲ್ಲುತ್ತದೆ, ಅದನ್ನು ಈ ಯಂತ್ರಕ್ಕೆ ಯಾರು ಕಲಿಸುತ್ತೀರಿ?" ಎಂದು ನಾನು ಅಲ್ಲೇ ಎದ್ದು ನಿಂತು ಕೇಳಿದೆ. ಒಳ್ಳೆಯ ಸಲಹೆ ಮೇಡಂ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಮಧ್ಯಾಹ್ನದ ಊಟ ಮಾತ್ರ ಚೆನ್ನಾಗಿತ್ತು.

ಮನೆಯಲ್ಲಿ ನನ್ನ ಗಂಡ ಚನ್ನಬಸಪ್ಪನವರು ಅತ್ತಿಯ ಪಕ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅಳತೆ ಅಂದರೆ ಅವರಿಗೆ ಪ್ರಾಣ.

"ನಿಮ್ಮ ಪರೀಕ್ಷಾ ಹ್ಯಾಂಗ ಆಗತಿದ್ವು ನನಗ ಗೊತ್ತಿಲ್ಲೇನ?" ಎಂದರು ಒಂದು ದಿನ, ಪುಂಡಿಪಲ್ಲೆ ಸೋಸುತ್ತ. "ಹೊರಗಿನ ಪರೀಕ್ಷಕ ಬರಾಂವ, ಅವಗ ಹೋಳಗಿ ಊಟ. ಆಮ್ಯಾಲ ಹುಡುಗನ ಅಡ್ಡಹೆಸರ ಕೇಳೂದು, ಯಾವ ಮಂದಿ, ಯಾರ ಮಗ ಅಂತ ನೋಡಿ ಮಾರ್ಕ್ಸ್ ಹಾಕೂದು. ನಿನ್ನ ಅತ್ತಿ ಯಾರ ಅಡ್ಡಹೆಸರೂ ಕೇಳೂದಿಲ್ಲ ನೋಡು."

ಅದು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನೂರು ಸಲ ಅಳೆದರೂ ಒಂದೇ ಅಂಕ ಬರಬೇಕು, ಅಳೆಯುವವನ ಮರ್ಜಿಯ ಮೇಲೆ ನಿಲ್ಲಬಾರದು ಎಂದು ಕಾರ್ಯಾಗಾರದಲ್ಲಿ ಹೇಳಿಕೊಡುವವಳೇ ನಾನು. ಆದರೆ ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳುತ್ತೇನೆ. ಯಾವುದನ್ನು ಅಳೆಯಬೇಕೋ ಅದನ್ನೇ ಅಳೆಯಬೇಕು. ಆ ಎರಡನೆಯ ಮಾತು ಬಂದಾಗ ಕೇಳುವವರು ಮೊಬೈಲು ತೆಗೆಯುತ್ತಾರೆ.

"ನಿಮ್ಮ ತಕ್ಕಡಿ ಬರೋಬರಿ ಐತ್ರಿ" ಎಂದೆ. "ಆದ್ರ ತಕ್ಕಡ್ಯಾಗ ಜ್ವರಾ ತೂಗಾಕ ಹೊಂಟೀರಿ."

ಅವರು ನಕ್ಕು ಪಲ್ಲೆಯ ಬುಟ್ಟಿ ನನ್ನ ಕಡೆ ತಳ್ಳಿದರು.

ಅಳೆದದ್ದನ್ನೇ ಹುಡುಗರು ಕಲಿಯುತ್ತಾರೆ, ಅಳೆಯದಿದ್ದದ್ದನ್ನು ಬಿಡುತ್ತಾರೆ. ಒಂದೇ ವರ್ಷದಲ್ಲಿ ನನ್ನ ವಾರ್ಡು ಖಾಲಿಯಾಯಿತು. ಬೆಳಗಿನ ರೌಂಡ್ಸಿಗೆ ಬರಬೇಕಾದವರೆಲ್ಲ ಕೆಳಗಿನ ಪ್ರಯೋಗಾಲಯದಲ್ಲಿ ರಬ್ಬರ್ ಬೊಂಬೆ ಒತ್ತುತ್ತಿದ್ದರು. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂದು ಬೊಂಬೆಗೆ ಹೇಳಿ ಹೇಳಿ ಆ ಮಾತು ಬಸ್ ಸ್ಟ್ಯಾಂಡಿನ ಪ್ರಕಟಣೆಯ ಹಾಗೆ ಆಗಿತ್ತು.

ವಾರ್ಡಿಗೆ ಬರುವುದನ್ನು ಬಿಡದವಳು ಹುಲಿಗೆಮ್ಮ ಗುಡದೂರ ಒಬ್ಬಳೇ. ಕುಷ್ಟಗಿ ಕಡೆಯ ಹುಡುಗಿ, ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೈಯಂತೂ ಇನ್ನೂ ನಿಧಾನ. ಕೈ ಹೊಟ್ಟೆಯ ಮೇಲಿದ್ದರೆ ಕಣ್ಣು ರೋಗಿಯ ಮುಖದ ಮೇಲಿರಬೇಕು ಎಂದು ನಾನು ಮೊದಲ ದಿನ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಅತ್ತಿಯ ಹತ್ತಿರ ನಿಧಾನ ನಡೆಯುವುದಿಲ್ಲ. ಹಿಂದಿನ ಪರೀಕ್ಷೆಯಲ್ಲಿ ವೇಳೆ ಮುಗಿದದ್ದಕ್ಕೆ ಅವಳನ್ನು ನಪಾಸು ಮಾಡಿತ್ತು. ಹೊಸ ನಿಯಮದ ಪ್ರಕಾರ ಪ್ರಾಯೋಗಿಕದಲ್ಲಿ ಮೂರು ಸಲ ನಪಾಸಾದರೆ ಪದವಿಯೇ ಇಲ್ಲ, ಐದು ವರ್ಷದ ಓದು ನೀರಿಗೆ ಹಾಕಿದಂತೆ. ಇದು ಅವಳ ಎರಡನೆಯ ಸಲ.

"ಈ ಸಲ ಬೇಗ ಬೇಗ ಮಾಡ್ತೀನ್ರಿ ಮೇಡಂರ" ಎಂದಿದ್ದಳು, ಪರೀಕ್ಷೆಯ ಹಿಂದಿನ ದಿನ.

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ರೂಢಿಯಿದೆ. ಎದೆಯಲ್ಲೋ ಹೊಟ್ಟೆಯಲ್ಲೋ ಕೈಗೆ ಚೆನ್ನಾಗಿ ಸಿಗುವ ಕಾಯಿಲೆ ಇರುವವರನ್ನು ಪ್ರತಿ ಸಲ ಪರೀಕ್ಷೆಗೆ ಕರೆಸುತ್ತೇವೆ. ಯಮನೂರಪ್ಪ ಹಡಪದ ಅಂಥ ಪರೀಕ್ಷೆಯ ರೋಗಿ. ಅವನ ಗುಲ್ಮ, ಅಂದರೆ ಸ್ಪ್ಲೀನು, ಬಹಳ ವರ್ಷಗಳಿಂದ ಬಾತು, ಎಡಪಕ್ಕೆಯ ಕೆಳಗಿನಿಂದ ಹೊಕ್ಕುಳಿನವರೆಗೆ ಇಳಿದಿತ್ತು. ಔಷಧದಿಂದ ಹದದಲ್ಲಿತ್ತು, ಅವನಿಗೆ ಅದರಿಂದ ಅಂಥ ತೊಂದರೆಯಿರಲಿಲ್ಲ. ಪರೀಕ್ಷೆಗೆ ಬರುವಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಡ್ಡ ಹೆರೆಸಿಕೊಂಡು, ಮದುವೆಗೆ ಹೊರಟವನ ಹಾಗೆ ಬರುತ್ತಿದ್ದ. ತಡಕಾಡುವ ಹುಡುಗರಿಗೆ "ಗುಲ್ಮರೀ, ಗುಲ್ಮ, ಇನ್ನೊಂಚೂರ ಕೆಳಗ" ಎಂದು ತುಟಿ ಅಲುಗಿಸದೆ ಹೇಳಿಕೊಡುತ್ತಿದ್ದ. "ನನ್ನ ಹೊಟ್ಟಿ ಮ್ಯಾಲ ಎಷ್ಟ ಮಂದಿ ಡಾಕ್ಟರ್ ಆಗ್ಯಾರಿ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಪರೀಕ್ಷೆಯ ದಿನ ನಾನು ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಕಂಪನಿಯ ಎಂಜಿನಿಯರ್ ಸುಹಾಸ ಕುಂದಗೋಳ. ಸಭ್ಯ ಹುಡುಗ, ನನಗೆ ಎರಡು ಸಲ ಚಹಾ ತರಿಸಿದ. ಪರದೆಯ ಮೇಲೆ ಮಂಚ ಕಾಣುತ್ತಿತ್ತು, ಯಮನೂರಪ್ಪನ ಹೊಟ್ಟೆ ಕಾಣುತ್ತಿತ್ತು. ಮುಖದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಮುದ್ದೆ.

"ಮುಖ ಯಾಕ ಕಾಣವಲ್ತು?" ಎಂದೆ.

"ರೋಗಿಯ ಗೌಪ್ಯತಾ ನಿಯಮ ಐತಲ್ರಿ ಮ್ಯಾಮ್. ಯಂತ್ರಾನ ಮುಖ ಅಳಿಸಿಬಿಡತೈತಿ. ಅದಕ್ಕೂ ಕಾಣೂದಿಲ್ಲ, ನಮಗೂ ಕಾಣೂದಿಲ್ಲ."

ಹೊಟ್ಟೆ ನೋಡಬಹುದು, ಮುಖ ನೋಡಬಾರದು. ನಾನು ಚಹಾದ ಕಪ್ಪನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಹುಡುಗರು ಒಬ್ಬರ ಹಿಂದೊಬ್ಬರು ಬಂದರು. ಗೆರೆಯ ಮೇಲೆ ಗೆರೆ ಕೂತಿತು. ಆಳವಾಗಿ ಒತ್ತುವ ಭಾಗದಲ್ಲಿ ಅತ್ತಿಯ ಲೆಕ್ಕಕ್ಕೆ ನಿಗದಿತ ಒತ್ತಡ ಬೇಕು, ಕಡಿಮೆಯಾದರೆ ಅಂಕ ಹೋಗುತ್ತದೆ ಎಂದು ಎಲ್ಲರೂ ತುಸು ಹೆಚ್ಚೇ ಒತ್ತುತ್ತಿದ್ದರು. ನಾವು ಪರೀಕ್ಷಕರಾಗಿದ್ದಾಗ ನಾಲ್ಕೈದು ಹುಡುಗರ ನಂತರ ರೋಗಿಯನ್ನು ಬದಲಿಸುತ್ತಿದ್ದೆವು. ಅತ್ತಿಯ ನಿಯಮದಲ್ಲಿ ಎಲ್ಲರಿಗೂ ಒಂದೇ ಹೊಟ್ಟೆ, ಏಕರೂಪತೆ. ಬೆಳಗ್ಗೆಯೇ ಅದಕ್ಕೆ ಆಕ್ಷೇಪ ಬರೆದು ಪ್ರಾಂಶುಪಾಲರಿಗೆ ಕೊಟ್ಟಿದ್ದೆ. ಸ್ವೀಕರಿಸಲಾಗಿದೆ ಎಂದು ಮೊಹರು ಹೊಡೆದು ಪ್ರತಿ ವಾಪಸು ಬಂದಿತ್ತು.

ಮಧ್ಯಾಹ್ನ ಹುಲಿಗೆಮ್ಮನ ಸರದಿ ಬಂತು. ನಮಸ್ಕಾರ ಮಾಡಿದಳು, ಹೆಸರು ಹೇಳಿದಳು. ಮೇಲುಮೇಲಿನ ಒತ್ತುವಿಕೆ ಮುಗಿಯಿತು, ಗೆರೆ ಚೆನ್ನಾಗಿಯೇ ಹೊಂದಿತ್ತು, ವೇಳೆಯೂ ಹೆಚ್ಚು ಹೋಗಿರಲಿಲ್ಲ. ಅಂತೂ ಕಲಿತಳು ಎಂದುಕೊಂಡೆ. ಎಡಪಕ್ಕೆಯ ಕೆಳಗೆ ಆಳವಾಗಿ ಒತ್ತಲು ಹೋದ ಕೈ ಅಲ್ಲೇ ನಿಂತಿತು. ಹಸಿರು ಗೆರೆ ನೆಲಕ್ಕೆ ಬಿತ್ತು.

"ಅಜ್ಜಾ, ನೋವಾಗಾಕತ್ತೈತೇನ?" ಎಂದಳು.

ಮೈಕು ಇದಕ್ಕೆ ಅಂಕ ಕೊಡಲಿಲ್ಲ. ಪಟ್ಟಿಯಲ್ಲಿದ್ದ ವಾಕ್ಯ ಇದಲ್ಲ.

ಯಮನೂರಪ್ಪನ ಪಿಸುಮಾತು ಕೇಳಿಸಿತು. "ಏನಿಲ್ಲ, ಒತ್ತವ್ವಾ. ನೀ ಒತ್ತು. ಮಾರ್ಕ್ಸ್ ಹೋಗ್ತಾವ."

"ಹೊಟ್ಟಿ ಬಿಗಿ ಹಿಡದೀರಿ. ಮೈಯೆಲ್ಲಾ ಬೆವತೈತಿ. ಯಾವಾಗಿಂದ ಐತಿದು?"

"ಮುಂಜಾನಿಂದ ಐತಿ. ಎಡಗಡೆ ಹೆಗಲೂ ಹಿಡಕೊಂಡೈತಿ. ಅದನ್ನ ಆಮ್ಯಾಲ ನೋಡಿದ್ರಾತು. ನೀ ಒತ್ತು ಯವ್ವಾ, ವೇಳೆ ಹೊಂಟೈತಿ."

ಎಡಗಡೆ ಒತ್ತಿದರೆ ನೋವು, ಅದರ ಜೊತೆಗೆ ಎಡ ಹೆಗಲು. ಹೊಟ್ಟೆಯೊಳಗೆ ರಕ್ತ ಸೋರುವಾಗಿನ ಲಕ್ಷಣ ಅದು. ನಾನು ಎದ್ದು ನಿಲ್ಲುವಷ್ಟರಲ್ಲಿ ಹುಲಿಗೆಮ್ಮ ಅವನ ನಾಡಿ ಹಿಡಿದಿದ್ದಳು. ಆಮೇಲೆ ಕೈಗವಸು ಕಿತ್ತು ಮಂಚದ ಮೇಲೆಸೆದು, ಪರೀಕ್ಷಾ ಕೊಠಡಿಯ ಬಾಗಿಲು ತೆಗೆದು ಕೂಗಿದಳು. "ಯಾರರ ಬರ್ರೀ ಇಲ್ಲೆ! ಸ್ಟ್ರೆಚರ್ ತರ್ರೀ!"

ಪರೀಕ್ಷೆಯ ನಡುವೆ ಬಾಗಿಲು ತೆಗೆಯಬಾರದು. ಒಳಗಿದ್ದವರು ತೆಗೆದರೂ ಅಷ್ಟೇ, ಹೊರಗಿದ್ದವರು ತೆಗೆದರೂ ಅಷ್ಟೇ, ತೆಗೆದವರ ಫಲಿತಾಂಶ ರದ್ದು, ಪರೀಕ್ಷಕರು ತೆಗೆದರೆ ಆ ದಿನದ ಎಲ್ಲರದ್ದೂ ರದ್ದು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ರದ್ದು' ಎಂದು ಬಂತು. ನಾನು ಅದನ್ನು ಓದಿಕೊಂಡೇ ಓಡಿದೆ.

ಗುಲ್ಮ ಒಡೆದಿತ್ತು. ಬೆಳಗಿನಿಂದ ಒಬ್ಬರ ಮೇಲೊಬ್ಬರು ಒತ್ತಿ ಒತ್ತಿ ಅದರ ತೆಳು ಪೊರೆ ಬಿರಿದು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಶಸ್ತ್ರಚಿಕಿತ್ಸೆಯವರು ಕೂಡಲೇ ಹೊಟ್ಟೆ ತೆರೆದು ಗುಲ್ಮ ತೆಗೆದರು. ಇನ್ನೊಬ್ಬ ಹುಡುಗ ಒತ್ತಿದ್ದರೆ ಮುದುಕ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. ಆ ಬೆಳಗ್ಗೆ ಹುಲಿಗೆಮ್ಮನಿಗಿಂತ ಮೊದಲು ಬಂದವರೆಲ್ಲ ಪಾಸು. ಅವರಲ್ಲಿ ಹೆಚ್ಚಿನವರು ಅವನ ನೋವು ತಮಗೆ ಅರ್ಥವಾಗುತ್ತದೆ ಎಂದು ಹೇಳಿ ಎರಡೆರಡು ಅಂಕ ತೆಗೆದುಕೊಂಡಿದ್ದರು.

ಮೂರನೆಯ ದಿನ ಯಮನೂರಪ್ಪ ಸ್ವಲ್ಪ ಗೆಲುವಾಗಿದ್ದ. ನಾನು ಅವನ ಮಂಚದ ಪಕ್ಕ ಕುಳಿತು ಚೆನ್ನಾಗಿ ಬೈದೆ.

"ಜೀವ ಹೋಗಾಕತ್ತಿದ್ರ ಬಾಯಿ ಬಿಟ್ಟ ಹೇಳಾಕ ಆಗಲಿಲ್ಲೇನ ನಿನಗ?"

"ಹ್ಯಾಂಗ ಹೇಳಲ್ರಿ ಮೇಡಂರ?" ಎಂದ. "ಪೇಷಂಟಗೆ ನೋವ ಮಾಡಿದ್ರ ಹುಡುಗ್ರ ಮಾರ್ಕ್ಸ್ ಕಡಿತೀರಿ ನೀವು. ನೀವ ಬೈದಿದ್ದು ನಾನ ಕೇಳೀನಲ್ರಿ, ಎಷ್ಟೋ ಸಲ. ಅಯ್ಯೋ ಅಂದ್ರ ಹುಡುಗ್ರು ಫೇಲ್ ಆಗ್ತಾವ ಅಂತ ಹಲ್ಲ ಕಚ್ಚಿ ಸುಮ್ಮನಿದ್ದೆ."

ಅದು ನಮ್ಮ ಕಾಲದ ನಿಯಮ. ಅತ್ತಿಯ ಹತ್ತಿರ ಅಂಥ ನಿಯಮವೇ ಇಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ನರಳಿದರೂ ಒಂದೇ, ನಕ್ಕರೂ ಒಂದೇ.

"ಗುಲ್ಮ ತಗದಬಿಟ್ಟಾರಂತ" ಎಂದ, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು. "ಇನ್ನ ನನ್ನ ಪರೀಕ್ಷಾಕ್ಕ ಕರಿಯೂದಿಲ್ಲೇನ್ರಿ?"

ಹುಲಿಗೆಮ್ಮನ ಫಲಿತಾಂಶಕ್ಕಾಗಿ ನಾನು ಮೇಲ್ಮನವಿ ಹಾಕಿದೆ. ಪರೀಕ್ಷಾ ಸಮಿತಿ ಬೆಂಗಳೂರಿನಲ್ಲಿ ಸೇರಿತು. ರೋಗಿಯನ್ನು ಉಳಿಸಿದವಳು ನಪಾಸು, ಸಾಯುವವರೆಗೆ ಒತ್ತಿದವರು ಪಾಸು, ಹೀಗೆ ಹೇಳುವ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಕೇಳಿದೆ. ನನ್ನ ಧ್ವನಿ ಏರಿತ್ತು, ಮೇಜು ಕುಟ್ಟಿದ್ದೂ ನೆನಪಿದೆ. ಅಧ್ಯಕ್ಷರು ಬಹಳ ಸಮಾಧಾನದಿಂದ ಕೇಳಿಸಿಕೊಂಡರು. ಸಿಟ್ಟು ಬಂದವರ ಎದುರು ಸಮಾಧಾನದಿಂದ ಕೂತವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

"ನಿಮ್ಮ ಮಾತು ನೂರಕ್ಕೆ ನೂರು ನಿಜ ಮೇಡಂ" ಎಂದರು. "ರೋಗಿಗೆ ನೋವಾದಾಗ ಕೈ ನಿಲ್ಲಿಸೋದು ಮುಖ್ಯವಾದ ಕೌಶಲ. ಅದನ್ನ ಮುಂದಿನ ಪರೀಕ್ಷೆಯಿಂದ ಸೇರಿಸ್ತಾ ಇದೀವಿ. ಐದು ಅಂಕ, ಅದರಲ್ಲಿ ತಪ್ಪಿದರೆ ನಪಾಸು. ಆದರೆ ಹಿಂದಿನ ಫಲಿತಾಂಶಕ್ಕೆ ಅದನ್ನ ಅನ್ವಯಿಸೋಕೆ ಬರಲ್ಲ."

"ನೋವಾದದ್ದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?" ಎಂದೆ. "ಮುಖ ಅಳಿಸಿದ್ದೀರಲ್ಲ."

ಅದಕ್ಕೂ ಉತ್ತರ ತಯಾರಿತ್ತು. ಗೌಪ್ಯತಾ ನಿಯಮ ಬದಲಿಸುವುದು ಅವರ ಕೈಯಲ್ಲಿಲ್ಲ. ಹಾಗಾಗಿ ಎಲ್ಲರಿಗೂ ಸಮನಾಗಲಿ ಎಂದು ಒಂದು ವೇಳೆ ಗೊತ್ತುಮಾಡಿದ್ದರು. ಆಳವಾಗಿ ಒತ್ತಲು ಶುರುಮಾಡಿ ಮೂರನೆಯ ನಿಮಿಷಕ್ಕೆ ವಿದ್ಯಾರ್ಥಿ ಕೈ ತೆಗೆಯಬೇಕು, "ನಿಮಗೆ ನೋವಾಗುತ್ತಿದೆ, ನಾನು ನಿಲ್ಲಿಸುತ್ತೇನೆ" ಎನ್ನಬೇಕು. ರೋಗಿಗೆ ಆಗ ನೋವಿದೆಯೋ ಇಲ್ಲವೋ ಎಂಬುದು ಅಳತೆಯ ವ್ಯಾಪ್ತಿಗೆ ಬರುವುದಿಲ್ಲ.

ರೈಲಿನಲ್ಲಿ ವಾಪಸು ಬರುವಾಗ ಪಕ್ಕದ ಸೀಟಿನ ಹೆಂಗಸು ನಿಮಗೆ ಬಿಪಿ ಇದೆಯೇ ಎಂದು ಕೇಳಿದಳು.

ಮನೆಗೆ ಬಂದು ಚನ್ನಬಸಪ್ಪನವರಿಗೆ ಎಲ್ಲ ಹೇಳಿದೆ. ಅತ್ತಿಯ ಪರ ವಾದಿಸುತ್ತಾರೆ, ನಾಲ್ಕು ಮಾತು ಜಗಳವಾಡಿ ಹಗುರಾಗಬಹುದು ಎಂದುಕೊಂಡಿದ್ದೆ. ಅದೂ ಆಗಲಿಲ್ಲ.

"ಹಂಗಂದ್ರ ಆ ಹುಡುಗಿ ಏನ್ ಮಾಡಬೇಕೀಗ?" ಎಂದರು.

ಹುಲಿಗೆಮ್ಮನೂ ಅದನ್ನೇ ಕೇಳಿದಳು. ಕೊನೆಯ ಅವಕಾಶದ ಪರೀಕ್ಷೆಗೆ ಒಂದು ವಾರ ಇರುವಾಗ ನನ್ನ ಕೋಣೆಗೆ ಬಂದು, ಕೂಡು ಎಂದರೂ ಕೂಡದೆ ನಿಂತಳು.

"ಮೇಡಂರ, ನೋವಿಲ್ಲದಿದ್ರೂ ಮೂರನೇ ನಿಮಿಷಕ್ಕ ಕೈ ತಗಿಬೇಕೇನ್ರಿ?"

"ನೋವಿಲ್ಲಂದ್ರ ಯಾಕ ತಗೀತಿ?" ಎಂದೆ. "ನಾ ಹಂಗ ಕಲಿಸೀನೇನ?"

"ತಗೀಲಿಲ್ಲಂದ್ರ ಫೇಲ್ ರೀ. ಇದ ಕಡೀ ಸಲ."

ಕಾರ್ಯಾಗಾರದಲ್ಲಿ ಹೇಳುವ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಆ ಹುಡುಗಿಯ ಮುಖ ನೋಡಿ ಹೇಳುವ ಹಾಗಿರಲಿಲ್ಲ. ನನ್ನ ಪಿಂಚಣಿಗೆ ಏನೂ ಆಗುವುದಿಲ್ಲ, ಹೋಗುವುದು ಅವಳ ಐದು ವರ್ಷ. ಓದ್ಕೋ ಹೋಗು ಎಂದು ಕಳಿಸಿದೆ.

ಪರೀಕ್ಷೆಯ ಬೆಳಗ್ಗೆ ಮಂಚದ ಮೇಲೆ ಮತ್ತೆ ಯಮನೂರಪ್ಪನೇ ಇದ್ದ. ಗಾಯ ಪೂರ್ತಿ ಮಾಗಿತ್ತು. ಶಸ್ತ್ರಚಿಕಿತ್ಸೆಯಾದ ಹೊಟ್ಟೆಯನ್ನು ಪರೀಕ್ಷಿಸುವುದು ಎಂಬ ಹೊಸ ವಿಷಯಕ್ಕೆ ಅವನು ತಾನಾಗಿ ಬಂದು ಹೆಸರು ಕೊಟ್ಟಿದ್ದ. ನಾನು ಬೇಡವೆಂದೆ. ಅವನು ಪ್ರಾಂಶುಪಾಲರ ತನಕ ಹೋಗಿ ಒಪ್ಪಿಸಿಕೊಂಡು ಬಂದ. ಸರ್ಜನ್ ಕೂಡ ಒಳಗೆ ಒಡೆಯುವಂಥದ್ದು ಈಗ ಏನೂ ಇಲ್ಲ ಎಂದು ಬರೆದುಕೊಟ್ಟರು.

ನಾನು ಪರದೆಯ ಮುಂದೆ ಕುಳಿತೆ. ಹುಲಿಗೆಮ್ಮ ಬಂದಳು. ಅವಳ ಕೈ ಈ ಸಲ ಎಲ್ಲೂ ತಡೆಯಲಿಲ್ಲ, ಪ್ರಯೋಗಾಲಯದಲ್ಲಿ ಬೊಂಬೆಯ ಮೇಲೆ ಎಷ್ಟು ದಿನ ತಿದ್ದಿದ್ದಳೋ. ಹಸಿರು ಗೆರೆ ಮಾದರಿಯ ಗೆರೆಯ ಮೇಲೆಯೇ ಓಡಿತು. ಮೂರನೆಯ ನಿಮಿಷ ಬಂತು. ತೆಗೀಬ್ಯಾಡ ಎಂದು ನನ್ನ ಮನಸ್ಸು ಕೂಗುತ್ತಿತ್ತು, ತೆಗಿಯವ್ವಾ ತಾಯಿ ಎಂದೂ ಅದೇ ಮನಸ್ಸು ಕೂಗುತ್ತಿತ್ತು.

ಅವಳು ಕೈ ತೆಗೆದಳು.

"ನಿಮಗೆ ನೋವಾಗುತ್ತಿದೆ, ನಾನು ನಿಲ್ಲಿಸುತ್ತೇನೆ."

"ಯಾಕವ್ವಾ?" ಎಂದ ಯಮನೂರಪ್ಪ, ನಿಜವಾಗಿಯೂ ಆಶ್ಚರ್ಯಪಟ್ಟು. "ನನಗೇನ್ ನೋವಿಲ್ಲಲ್ಲ ಈಗ. ನೋಡು, ಒತ್ತಿ ನೋಡು."

ಹುಲಿಗೆಮ್ಮ ಪಟ್ಟಿಯಲ್ಲಿದ್ದ ಮುಂದಿನ ಹಂತಕ್ಕೆ ಹೋದಳು. ಮುಗಿದಾಗ ಪರದೆಯ ಮೇಲೆ ಪೂರ್ಣ ಅಂಕ ಬಂತು. ಕಂಗ್ರಾಟ್ಸ್ ರೀ ಮ್ಯಾಮ್, ನಿಮ್ಮ ಹುಡುಗಿ ಪಾಸಾದ್ಲು ಎಂದು ಸುಹಾಸ ನನ್ನ ಕೈ ಕುಲುಕಿದ. ಅವನಿಗೆ ಖುಷಿಯಾದದ್ದು ನಿಜ. ನನಗೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿಗೆ ಚಹಾದ ವಿರಾಮ. ನಾನು ಹೊರಗೆ ಬಂದಾಗ ಓಣಿಯ ಬೆಂಚಿನ ಮೇಲೆ ಯಮನೂರಪ್ಪ ಕಪ್ಪು ಹಿಡಿದು ಕುಳಿತಿದ್ದ. ಹುಲಿಗೆಮ್ಮ ಅವನ ಮುಂದೆ ಮೊಣಕಾಲೂರಿ ಕುಳಿತು ಏನೋ ಹೇಳುತ್ತಿದ್ದಳು. ಮುಖ ಕೆಂಪಾಗಿತ್ತು.

"ಸಿಟ್ಟ ಆಗಬ್ಯಾಡ್ರಿ ಅಜ್ಜಾ. ಪಾಸಾಗಬೇಕಿತ್ರಿ. ಮೂರನೇ ನಿಮಿಷಕ್ಕ ಕೈ ತಗೀಲೇಬೇಕಂತ ಮಾಡ್ಯಾರ. ನೋವಿರಲಿ ಬಿಡಲಿ."

"ಏ ಹುಚ್ಚಿ, ನಿನ್ನ ಮ್ಯಾಲ ಸಿಟ್ಟೇನ? ನಿನ್ನಿಂದನ ಜೀವಂತ ಕುಂತೀನಿ ಇಲ್ಲೆ" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲ, ಇದನ್ನ ಮೊದಲ ಹೇಳಬಾರದ? ನಾನ ಅಯ್ಯೋ ಅಂತಿದ್ದೆ. ಗೊತ್ತಿಲ್ಲದ ನಡುವ ಬಾಯಿ ಹಾಕಿದೆ. ಮಾರ್ಕ್ಸ್ ಹೋಗಲಿಲ್ಲ ಹೌದಿಲ್ಲೋ? ಇನ್ನ ಮುಂದ ಬರೂ ಹುಡುಗ್ರಿಗೆ ನಾನ ಅಂತೀನಿ ತಗೋ. ಪಾಪ, ಸುಳ್ಳ ಹೇಳಿದಂಗ ಆಗೂದಿಲ್ಲ ಅವಕ್ಕ."

"ಯಮನೂರಪ್ಪಾ, ಹಂಗ ಮಾಡಬ್ಯಾಡ" ಎಂದೆ ನಾನು. "ಖರೇ ನೋವಾದಾಗ ಅಷ್ಟ ಹೇಳು."

"ನೀವ ಸುಮ್ಮನಿರ್ರಿ ಮೇಡಂರ. ಹುಡುಗ್ರ ಕಷ್ಟ ನಿಮಗ ತಿಳಿಯೂದಿಲ್ಲ."

ಗಂಟೆ ಹೊಡೆಯಿತು. ಅವನು ಕಪ್ಪನ್ನು ಬೆಂಚಿನ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ಮುಂದಿನ ವಿದ್ಯಾರ್ಥಿ, ದಪ್ಪ ಕನ್ನಡಕದ ಹುಡುಗನೊಬ್ಬ, ಕೈಗವಸು ಎಳೆದುಕೊಳ್ಳುತ್ತ ಅವನ ಹಿಂದೆ ಹೋದ. ಬಾಗಿಲು ಮುಚ್ಚಿತು. ನಾನು ನಿಯಂತ್ರಣ ಕೊಠಡಿಗೆ ಹೋಗಬೇಕಿತ್ತು, ಹೋಗಲಿಲ್ಲ. ಹುಲಿಗೆಮ್ಮ ಬೆಂಚಿನ ಮೇಲೆ ಕುಳಿತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಏನಾದರೂ ಹೇಳಬೇಕು ಎಂದು ಪಕ್ಕದಲ್ಲಿ ಕುಳಿತೆ.

"ಚಲೋ ಆತು ಬಿಡು. ಪಾಸಾದಿ."

"ಹೂಂ ರೀ."

"ನಿಮ್ಮವ್ವಗ ಫೋನ್ ಮಾಡು."

"ಮಾಡ್ತೀನ್ರಿ" ಎಂದಳು. ಮೊಬೈಲು ಕೈಯಲ್ಲೇ ಇತ್ತು, ಒತ್ತಲಿಲ್ಲ.

ಆಗ ಒಳಗಿನಿಂದ ಕೂಗು ಬಂತು. "ಅಯ್ಯಯ್ಯೋ! ಸತ್ತೆನೋ ಯಪ್ಪಾ!"

ಹುಲಿಗೆಮ್ಮ ಎದ್ದು ಓಡಿದಳು. ಮೊಬೈಲು ನೆಲಕ್ಕೆ ಬಿತ್ತು. ಕೈ ಬಾಗಿಲ ಚಿಲಕದ ಮೇಲೆ ಹೋಗಿತ್ತು, ಅಲ್ಲಿ ನಿಂತಿತು. ಅವಳಿಗೂ ನೆನಪಾಗಿರಬೇಕು, ಮುದುಕ ಈಗ ತಾನೇ ಹೇಳಿಹೋದದ್ದು. ತೆಗೆದರೆ ಫಲಿತಾಂಶ ರದ್ದು, ಮೂರನೆಯ ಸಲ, ಅಲ್ಲಿಗೆ ಮುಗಿಯಿತು. ನಾನು ಗಡಿಯಾರ ನೋಡಿದೆ. ಮೂರನೆಯ ನಿಮಿಷವೋ ಅಲ್ಲವೋ, ಹುಡುಗ ಒತ್ತಲು ಶುರುಮಾಡಿದ್ದು ಯಾವಾಗ ಎಂದು ಹೊರಗಿದ್ದ ನಮಗೆ ಹೇಗೆ ಗೊತ್ತಾಗಬೇಕು? ಇಷ್ಟು ವರ್ಷ ರೋಗಿಗಳ ನರಳಾಟ ಕೇಳಿದ ಕಿವಿ ನನ್ನದು. ಬಾಗಿಲಿಗೆ ಕಿವಿಯಿಟ್ಟು ಕೇಳಿದೆ. ಒಳಗೆ ಇನ್ನೊಮ್ಮೆ "ಅಯ್ಯೋ" ಎಂದ. ಹುಡುಗನ ಧ್ವನಿ ಓದಿದ ಹಾಗೆ ಹೇಳಿತು, "ನಿಮಗೆ ನೋವಾಗುತ್ತಿದೆ, ನಾನು ನಿಲ್ಲಿಸುತ್ತೇನೆ."

"ಮೇಡಂರ, ಖರೇನ್ರೀ ಇದು, ಸುಳ್ಳೋ?" ಎಂದಳು ಹುಲಿಗೆಮ್ಮ.

"ಗೊತ್ತಿಲ್ಲವ್ವಾ" ಎಂದೆ. "ನನಗೂ ತಿಳೀವಲ್ತು."

"ಹಂಗಾದ್ರ ನೋಡಬೇಕಲ್ರಿ" ಎಂದು ಚಿಲಕ ತೆಗೆದಳು.